ಎಂಆರ್‌ಐ: ಕಾಂತದ ಕಣ್ಣು ತೆರೆದ ಬಗೆ

ಮನುಷ್ಯನ ಮೈತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ನೀರಿನದು. ನೀರಿನ ಪ್ರತಿ ಅಣುವಿನಲ್ಲಿ ಎರಡು ಹೈಡ್ರೋಜನ್ ಪರಮಾಣುಗಳಿರುತ್ತವೆ, ಅವುಗಳ ಬೀಜವೆಂದರೆ ಒಂದೊಂದು ಪ್ರೋಟಾನು. ಈ ಪ್ರೋಟಾನು ತಾನೇ ಒಂದು ಪುಟಾಣಿ ಕಾಂತ. ಬಲವಾದ ಕಾಂತಕ್ಷೇತ್ರದೊಳಗೆ ಇಟ್ಟರೆ ಅದು ವಾಲಿಕೊಂಡು ತಿರುಗುವ ಬುಗುರಿಯ ಹಾಗೆ ಓಲಾಡುತ್ತದೆ. 1 ಟೆಸ್ಲಾ ಬಲದ ಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 4 ಕೋಟಿ 26 ಲಕ್ಷ ಸಲ. ಸರಿಯಾಗಿ ಅದೇ ಲಯದ ರೇಡಿಯೊ ಅಲೆ ತಾಕಿದಾಗ ಪ್ರೋಟಾನು ಅಲೆಯ ಶಕ್ತಿಯನ್ನು ಹೀರಿಕೊಳ್ಳುತ್ತದೆ, ಅಲೆ ನಿಂತ ಮೇಲೆ ಅದೇ ಲಯದಲ್ಲಿ ಮರುದನಿ ಕೊಡುತ್ತದೆ. ಆಸ್ಪತ್ರೆಯ ಎಂಆರ್‌ಐ ಯಂತ್ರ ಕೇಳಿಸಿಕೊಳ್ಳುವುದು ಈ ಮರುದನಿಯನ್ನು. ಎಕ್ಸ್-ರೇ ಎಲುಬನ್ನು ಚೆನ್ನಾಗಿ ತೋರಿಸುತ್ತದೆ. ಮಿದುಳು, ಬೆನ್ನುಹುರಿ, ಮಂಡಿಯೊಳಗಿನ ಮೆದು ಎಲುಬು, ಸ್ನಾಯುಗಳನ್ನು ಬಿಡಿಸಿ ತೋರಿಸುವುದರಲ್ಲಿ ಎಂಆರ್‌ಐಗೆ ಸಾಟಿಯಿಲ್ಲ. ಅದರ ಚರಿತ್ರೆಯಲ್ಲಿ ಭೌತವಿಜ್ಞಾನಿಗಳ ಕುತೂಹಲವಿದೆ, ವೈದ್ಯರ ತುರ್ತಿದೆ, ಲೋಹ ಬೆರೆಸಿ ತಂತಿ ಎಳೆದವರ ಕಸುಬೂ ಇದೆ. ಈ ಕೊನೆಯವರ ಕಥೆಯನ್ನು ಹೇಳುವವರು ಕಡಿಮೆ. ಅವರಿಲ್ಲದಿದ್ದರೆ ಉಳಿದವರ ಕೆಲಸ ಪ್ರಯೋಗಾಲಯದ ಹೊಸ್ತಿಲು ದಾಟುತ್ತಿರಲಿಲ್ಲ.

1930ರ ದಶಕದಲ್ಲಿ ಪರಮಾಣು ಬೀಜದ ಕಾಂತಗುಣವನ್ನು ಅಳೆಯುವುದು ಭೌತವಿಜ್ಞಾನದ ದೊಡ್ಡ ಪ್ರಶ್ನೆಗಳಲ್ಲಿ ಒಂದಾಗಿತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಐಸಿಡಾರ್ ರಾಬಿ 1938ರಲ್ಲಿ ನಿರ್ವಾತದೊಳಗೆ ಹಾಯುವ ಅಣುಗಳ ಧಾರೆಯ ಮೇಲೆ ರೇಡಿಯೊ ಅಲೆ ಹಾಯಿಸಿ, ನಿರ್ದಿಷ್ಟ ಲಯದಲ್ಲಿ ಮಾತ್ರ ಬೀಜಗಳು ಪಕ್ಕನೆ ಮಗುಚಿಕೊಳ್ಳುವುದನ್ನು ತೋರಿಸಿದರು. ಈ ಕೆಲಸಕ್ಕೆ 1944ರ ನೊಬೆಲ್ ಬಂತು. ಆದರೆ ಅಣುಧಾರೆ ಒಂದು ಕಡೆ, ಮೇಜಿನ ಮೇಲಿನ ಲೋಟದ ನೀರು ಇನ್ನೊಂದು ಕಡೆ. ಸಾಮಾನ್ಯ ವಸ್ತುವಿನಲ್ಲಿ, ಲಯ ಹೊಂದಿದಾಗ ಬೀಜಗಳು ಸ್ಪಂದಿಸುವ ಈ ಅನುರಣನವನ್ನು ಹಿಡಿಯಲು ಬೇಕಾದ ಸೂಕ್ಷ್ಮ ರೇಡಿಯೊ ಉಪಕರಣಗಳು ಒದಗಿದ್ದು ಎರಡನೆಯ ಮಹಾಯುದ್ಧದ ರಡಾರ್ ಸಂಶೋಧನೆಯಿಂದ. ಯುದ್ಧ ಮುಗಿಯುತ್ತಿದ್ದಂತೆ, 1945ರ ಡಿಸೆಂಬರ್‌ನಲ್ಲಿ ಹಾರ್ವರ್ಡ್‌ನ ಎಡ್ವರ್ಡ್ ಪರ್ಸೆಲ್, ಹೆನ್ರಿ ಟೊರಿ, ರಾಬರ್ಟ್ ಪೌಂಡ್ ಮೇಣದ ಪ್ರೋಟಾನುಗಳಲ್ಲಿ ಅನುರಣನವನ್ನು ಕಂಡರು. ಕೆಲವೇ ವಾರಗಳ ನಂತರ ಅಮೆರಿಕದ ಇನ್ನೊಂದು ತುದಿಯ ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಸಂಗಡಿಗರು ಅದನ್ನು ನೀರಿನಲ್ಲಿ ಕಂಡರು. ಎರಡು ತಂಡಗಳಿಗೂ ಪರಸ್ಪರರ ಪ್ರಯೋಗದ ಸುಳಿವಿರಲಿಲ್ಲ. ಪರ್ಸೆಲ್ ಮತ್ತು ಬ್ಲಾಕ್ 1952ರ ನೊಬೆಲ್ ಹಂಚಿಕೊಂಡರು. ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಚಿಕ್ಕದಾಗಿ ಎನ್‌ಎಂಆರ್, ಎಂಬ ಹೆಸರು ನೆಲೆನಿಂತಿತು.

ಭೌತವಿಜ್ಞಾನಿಗಳು ಬೀಜದ ಕಾಂತಗುಣವನ್ನು ಅಳೆಯಲು ಕಟ್ಟಿದ ಸಾಧನವನ್ನು ರಸಾಯನವಿಜ್ಞಾನಿಗಳು ಬಹುಬೇಗ ತಮ್ಮದಾಗಿಸಿಕೊಂಡರು. 1951ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಜೇಮ್ಸ್ ಆರ್ನಲ್ಡ್, ಎಸ್.ಎಸ್. ಧರ್ಮಟ್ಟಿ ಮತ್ತು ಮಾರ್ಟಿನ್ ಪ್ಯಾಕರ್ಡ್ ಎಥೆನಾಲ್‌ನ ಪ್ರೋಟಾನುಗಳು ಒಂದಲ್ಲ, ಮೂರು ಬೇರೆ ಬೇರೆ ಲಯಗಳಲ್ಲಿ ದನಿ ಕೊಡುವುದನ್ನು ತೋರಿಸಿದರು. ಅಣುವಿನ ಯಾವ ಜಾಗದಲ್ಲಿ ಕುಳಿತಿದೆ ಎನ್ನುವುದರ ಮೇಲೆ ಪ್ರೋಟಾನಿನ ಲಯ ತುಸು ಬದಲಾಗುತ್ತದೆ ಎಂಬ ಈ ತಿಳಿವಿನಿಂದ ಅಣುಗಳ ರಚನೆಯನ್ನು ಓದುವ ಹೊಸ ದಾರಿಯೇ ತೆರೆಯಿತು. ಧರ್ಮಟ್ಟಿ ಮುಂದೆ ಭಾರತಕ್ಕೆ ಮರಳಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಸಂಶೋಧನೆಗೆ ಬುನಾದಿ ಹಾಕಿದರು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ಬೀಜಗಳ ಅನುರಣನ ಹೇಗಿರುತ್ತದೆ ಎಂದು ಅಳೆದರು. ನಿಂತ ದ್ರವದ ಪ್ರೋಟಾನುಗಳು ರೇಡಿಯೊ ಅಲೆಯನ್ನು ಹೀರಿ ಹೀರಿ ದಣಿಯುತ್ತವೆ. ದ್ರವ ಹರಿಯುತ್ತಿದ್ದರೆ ದಣಿದವು ಸರಿದು ಹೊಸವು ಬರುವುದರಿಂದ ಸಂಕೇತ ಜೋರಾಗುತ್ತದೆ. ಇಂದು ಚುಚ್ಚುಮದ್ದಿಲ್ಲದೆ ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವ ವಿಧಾನ ನಿಂತಿರುವುದು ಇದೇ ತತ್ತ್ವದ ಮೇಲೆ. ದೊಡ್ಡ ಪ್ರಯೋಗಾಲಯಗಳಿಂದ ಸಾವಿರಾರು ಮೈಲಿ ದೂರದಲ್ಲಿ, ಯುದ್ಧಾನಂತರದ ಕೊರತೆಯ ದಿನಗಳಲ್ಲಿ ನಡೆದ ಈ ಕೆಲಸಕ್ಕೆ ಕನ್ನಡದ ವಿಜ್ಞಾನ ಬರಹಗಳಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕು.

ಸಂಕೇತ ತೀರ ಕ್ಷೀಣವಾಗಿರುವುದು ಎನ್‌ಎಂಆರ್‌ನ ಹುಟ್ಟುದೋಷ. ಒಂದೊಂದೇ ಲಯವನ್ನು ತಡಕುತ್ತ ಹೋದರೆ ಅಳತೆಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಸ್ವಿಟ್ಜರ್ಲೆಂಡಿನಿಂದ ಕ್ಯಾಲಿಫೋರ್ನಿಯದ ವೇರಿಯನ್ ಕಂಪನಿಗೆ ಬಂದಿದ್ದ ರಿಚರ್ಡ್ ಅರ್ನ್ಸ್ಟ್, ಸಹೋದ್ಯೋಗಿ ವೆಸ್ಟನ್ ಆಂಡರ್ಸನ್ ಜೊತೆ ಸೇರಿ ಬೇರೆ ದಾರಿ ಹಿಡಿದರು. ಒಂದು ಚುಟುಕು ರೇಡಿಯೊ ಮಿಡಿತದಿಂದ ಎಲ್ಲ ಬೀಜಗಳನ್ನೂ ಒಟ್ಟಿಗೆ ಕೆಣಕಿ, ಬಂದ ಕಲಸುಮೇಲೋಗರದ ದನಿಯನ್ನು ಫೋರಿಯರ್ ಗಣಿತದಿಂದ ಬಿಡಿ ಲಯಗಳಾಗಿ ಸೋಸಿದರು. 1966ರಲ್ಲಿ ಪ್ರಕಟವಾದ ಈ ವಿಧಾನ ಅಳತೆಯ ವೇಗವನ್ನು ಹಲವು ಪಟ್ಟು ಹೆಚ್ಚಿಸಿತು. ಅರ್ನ್ಸ್ಟ್‌ಗೆ 1991ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂತು.

ಅಳತೆಯ ವೇಗ ಹೆಚ್ಚಿದರೂ ಎನ್‌ಎಂಆರ್ ಆಗಿನ್ನೂ ಗಾಜಿನ ನಳಿಕೆಯೊಳಗಿನ ದ್ರವಗಳ ವಿದ್ಯೆಯಾಗಿಯೇ ಇತ್ತು. ಅದನ್ನು ರೋಗದ ಕಡೆಗೆ ತಿರುಗಿಸಿದವರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ವೈದ್ಯ ರೇಮಂಡ್ ಡಮೇಡಿಯನ್ ಮುಖ್ಯರು. ಕೆಣಕಿದ ಪ್ರೋಟಾನುಗಳು ಮೊದಲಿನ ನೆಮ್ಮದಿಯ ಸ್ಥಿತಿಗೆ ಮರಳಲು ಹಿಡಿಯುವ ಕಾಲ ಒಂದೊಂದು ಅಂಗಾಂಶದಲ್ಲಿ ಒಂದೊಂದು ಬಗೆಯಾಗಿರುತ್ತದೆ. ಇಲಿಗಳಿಂದ ತೆಗೆದ ಕ್ಯಾನ್ಸರ್ ಗಡ್ಡೆಗಳಲ್ಲಿ ಈ ಕಾಲ ಆರೋಗ್ಯವಂತ ಅಂಗಾಂಶಕ್ಕಿಂತ ಉದ್ದವಾಗಿರುವುದನ್ನು ಡಮೇಡಿಯನ್ ಅಳೆದು, 1971ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ವ್ಯತ್ಯಾಸದಿಂದಲೇ ಕ್ಯಾನ್ಸರನ್ನು ಖಚಿತವಾಗಿ ಗುರುತಿಸಬಹುದೆಂಬ ಅವರ ಆಸೆ ಪೂರ್ತಿ ಕೈಗೂಡಲಿಲ್ಲ. ಆದರೆ ರೋಗ ಹತ್ತಿದ ಅಂಗಾಂಶ ಬೇರೆಯಾಗಿ ದನಿ ಕೊಡುತ್ತದೆ ಎಂಬುದನ್ನು ಜೋರಾಗಿ ಸಾರಿದವರು ಅವರು. ಇಂದಿನ ಎಂಆರ್‌ಐ ಚಿತ್ರದ ಕಪ್ಪುಬಿಳುಪೂ ಬಹುಮಟ್ಟಿಗೆ ಇದೇ ವ್ಯತ್ಯಾಸದಿಂದ ಬರುವಂಥದ್ದು.

ದನಿ ಬೇರೆಯಾಗಿದೆ ಎಂದು ಗೊತ್ತಾದರೆ ಸಾಲದು, ಅದು ಎಲ್ಲಿಂದ ಬಂತು ಎಂದೂ ಗೊತ್ತಾಗಬೇಕು. ಮೈಯೊಳಗಿನ ಎಲ್ಲ ನೀರೂ ಒಂದೇ ಲಯದಲ್ಲಿ ಕೂಗಿದರೆ ಯಾವುದು ಮಿದುಳಿನದು, ಯಾವುದು ಕಣ್ಣಿನದು ಎಂದು ತಿಳಿಯದು. ಈ ಗಂಟನ್ನು ಬಿಚ್ಚಿದವರು ಸ್ಟೋನಿ ಬ್ರೂಕ್‌ನ ರಸಾಯನವಿಜ್ಞಾನಿ ಪಾಲ್ ಲಾಟರ್ಬರ್. 1971ರ ಸೆಪ್ಟೆಂಬರ್ ಆರಂಭದಲ್ಲಿ ಪೆನ್ಸಿಲ್ವೇನಿಯದ ಒಂದು ಎನ್‌ಎಂಆರ್ ಕಂಪನಿಯಲ್ಲಿ ಡಮೇಡಿಯನ್ ಮಾಡಿದ ಬಗೆಯಲ್ಲೇ ಇಲಿಗಳ ಅಂಗಾಂಶ ಅಳೆಯುವುದನ್ನು ಅವರು ನೋಡಿದ್ದರು. ಅಂಗಾಂಶವನ್ನು ಕತ್ತರಿಸಿ ತೆಗೆಯದೆ, ಜೀವಂತ ದೇಹದಲ್ಲೇ ಅಳೆಯಲಾಗದೆ ಎಂಬ ಯೋಚನೆ ಬೆನ್ನುಬಿಡಲಿಲ್ಲ. ಸಂಜೆ ಹೋಟೆಲೊಂದರಲ್ಲಿ ಹ್ಯಾಂಬರ್ಗರ್ ತಿನ್ನುವಾಗ ಉತ್ತರ ಹೊಳೆಯಿತು. ಎನ್‌ಎಂಆರ್ ಕೆಲಸದಲ್ಲಿ ಕಾಂತಕ್ಷೇತ್ರ ಎಲ್ಲ ಕಡೆ ಸಮನಾಗಿರಬೇಕೆಂಬುದು ಎಲ್ಲರ ಹಟ. ಬೇಕೆಂದೇ ಅದನ್ನು ಸಮವಿಲ್ಲದಂತೆ ಮಾಡಿದರೆ? ಒಂದು ತುದಿಯಲ್ಲಿ ಬಲ ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ನಡುವೆ ಇಳಿಜಾರು. ಬಲ ಬದಲಾದಂತೆ ಪ್ರೋಟಾನಿನ ಲಯ ಬದಲಾಗುವುದರಿಂದ ಲಯವೇ ವಿಳಾಸವಾಗುತ್ತದೆ. ಇಳಿಜಾರಿನ ದಿಕ್ಕನ್ನು ಬದಲಿಸುತ್ತ ಅಳೆದರೆ ಚಿತ್ರ ಕೂಡಿಕೊಳ್ಳುತ್ತದೆ.

ಲಾಟರ್ಬರ್ ತೆಗೆದ ಮೊದಲ ಚಿತ್ರದಲ್ಲಿ ಇದ್ದದ್ದು ಎರಡು ಸಣ್ಣ ಗಾಜಿನ ನಳಿಕೆಗಳೊಳಗಿನ ನೀರು, ಎರಡು ಮಸಕು ಚುಕ್ಕೆ. ‘ನೇಚರ್’ ಪತ್ರಿಕೆ ಲೇಖನವನ್ನು ಮೊದಲು ತಿರಸ್ಕರಿಸಿತು. ಲಾಟರ್ಬರ್ ಪಟ್ಟು ಹಿಡಿದ ಮೇಲೆ 1973ರ ಮಾರ್ಚ್ 16ರಂದು ಅಚ್ಚಾಯಿತು. ತಮ್ಮ ವಿಧಾನಕ್ಕೆ ಅವರು ಝೂಗ್ಮಟೋಗ್ರಫಿ ಎಂದು ಹೆಸರಿಟ್ಟರು. ಗ್ರೀಕಿನ ಝೂಗ್ಮ ಎಂದರೆ ಜೊತೆಗೂಡಿಸುವುದು, ನೊಗಕ್ಕೆ ಕಟ್ಟುವುದು: ಕಾಂತಕ್ಷೇತ್ರ, ರೇಡಿಯೊ ಅಲೆ ಎರಡನ್ನೂ ಒಂದೇ ನೊಗಕ್ಕೆ ಹೂಡಿದ ಕೆಲಸವದು. ಹೆಸರು ಉಳಿಯಲಿಲ್ಲ, ವಿಧಾನ ಉಳಿಯಿತು. ಮುಂದೆ ಅವರು ಚಿತ್ರ ತೆಗೆದ ಜೀವಿಗಳಲ್ಲಿ ಮಗಳು ಕಡಲ ದಂಡೆಯಿಂದ ಆಯ್ದು ತಂದ ಪುಟ್ಟ ಕಪ್ಪೆಚಿಪ್ಪಿನ ಜೀವಿಯೂ ಒಂದು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಬೇರೆಯೇ ದಾರಿಯಿಂದ ಇದೇ ಜಾಗಕ್ಕೆ ಬಂದರು. 15ನೇ ವಯಸ್ಸಿನಲ್ಲಿ ಶಾಲೆ ಬಿಟ್ಟು ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದ್ದ ಅವರು, ನಂತರ ಓದು ಮುಂದುವರಿಸಿ ಭೌತವಿಜ್ಞಾನಿಯಾದವರು. ಘನವಸ್ತುಗಳ ಪದರಗಳನ್ನು ಎನ್‌ಎಂಆರ್‌ನಿಂದ ಗುರುತಿಸುವ ಯತ್ನದಲ್ಲಿ 1973ರಲ್ಲೇ ಇಳಿಜಾರು ಕ್ಷೇತ್ರದ ವಿಚಾರ ಅವರಿಗೂ ಹೊಳೆದಿತ್ತು. 1977ರಲ್ಲಿ ಅವರ ತಂಡ ಜೀವಂತ ಬೆರಳಿನ ಅಡ್ಡಕೊಯ್ತದ ಚಿತ್ರ ಪ್ರಕಟಿಸಿತು. ಮರುವರ್ಷ, ವೇಗವಾಗಿ ಬದಲಾಗುವ ಕ್ಷೇತ್ರದಿಂದ ಹೃದಯಕ್ಕೆ ಅಪಾಯವಾದೀತೆಂಬ ಎಚ್ಚರಿಕೆಯ ನಡುವೆಯೂ ಮ್ಯಾನ್ಸ್‌ಫೀಲ್ಡ್ ತಾವೇ ಯಂತ್ರದೊಳಗೆ ನಿಂತು ಹೊಟ್ಟೆಯ ಚಿತ್ರ ತೆಗೆಸಿಕೊಂಡರು. ಒಂದೇ ಮಿಡಿತದಲ್ಲಿ ಇಡೀ ಪದರದ ಚಿತ್ರ ಹಿಡಿಯುವ ಎಕೋ ಪ್ಲೇನಾರ್ ವಿಧಾನವೂ ಅವರದೇ. ಮಿಲಿಸೆಕೆಂಡುಗಳಲ್ಲಿ ಮುಗಿಯುವ ಆ ವಿಧಾನವನ್ನು ತಾಳಿಕೊಳ್ಳುವ ಎಲೆಕ್ಟ್ರಾನಿಕ್ ಉಪಕರಣ ಸಾಮಾನ್ಯ ಆಸ್ಪತ್ರೆಗೆ ಬರಲು ಇನ್ನೂ ಹತ್ತು ಹದಿನೈದು ವರ್ಷ ಹಿಡಿಯಿತು.

ಈ ನಡುವೆ, 1975ರಲ್ಲಿ, ಜ್ಯೂರಿಕ್‌ನಿಂದ ಒಂದು ಲೇಖನ ಬಂತು. ಬರೆದವರು ಅನಿಲ್ ಕುಮಾರ್, ಡೀಟರ್ ವೆಲ್ಟಿ ಮತ್ತು ರಿಚರ್ಡ್ ಅರ್ನ್ಸ್ಟ್. ಲಾಟರ್ಬರ್ ಇಳಿಜಾರನ್ನು ಬೇರೆ ಬೇರೆ ಕೋನಗಳಿಗೆ ತಿರುಗಿಸಿ ಹಲವು ನೆರಳುಗಳನ್ನು ಪಡೆದು, ಅವನ್ನು ಕೂಡಿಸಿ ಚಿತ್ರ ಕಟ್ಟುತ್ತಿದ್ದರು. ಕ್ಷೇತ್ರದಲ್ಲಿ ಚೂರು ಏರುಪೇರಾದರೂ ಚಿತ್ರ ಮಸಕಾಗುತ್ತಿತ್ತು. ಜ್ಯೂರಿಕ್‌ನ ಮೂವರು ಒಂದರ ಹಿಂದೆ ಒಂದರಂತೆ ಪರಸ್ಪರ ಲಂಬವಾದ ದಿಕ್ಕುಗಳಲ್ಲಿ ಇಳಿಜಾರು ಹಾಕಿದರು. ಮೊದಲ ದಿಕ್ಕಿನ ವಿಳಾಸ ಓಲಾಟದ ಹಂತದಲ್ಲಿ, ಎರಡನೆಯ ದಿಕ್ಕಿನದು ಓಲಾಟದ ಲಯದಲ್ಲಿ ದಾಖಲಾಗುತ್ತಿತ್ತು. ಫೋರಿಯರ್ ಗಣಿತ ಎರಡನ್ನೂ ಒಟ್ಟಿಗೆ ಬಿಡಿಸಿ, ಸಾಲು-ಕಂಬಗಳ ಪಟ್ಟಿಯಂತೆ ಚಿತ್ರವನ್ನು ಮುಂದಿಡುತ್ತಿತ್ತು. ಅನಿಲ್ ಕುಮಾರ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ದಶಕಗಳ ಕಾಲ ಎನ್‌ಎಂಆರ್ ಕಲಿಸಿದರು. 1980ರಲ್ಲಿ ಅರ್ನ್ಸ್ಟ್ ಮತ್ತು ಕರ್ಟ್ ವುತ್ರಿಕ್ ಜೊತೆಗೂಡಿ ಪ್ರೋಟೀನುಗಳ ಆಕಾರ ಅರಿಯಲು ನೆರವಾಗುವ ಇನ್ನೊಂದು ಎನ್‌ಎಂಆರ್ ವಿಧಾನವನ್ನೂ ಅವರು ಪ್ರಕಟಿಸಿದರು. ವುತ್ರಿಕ್‌ಗೆ 2002ರಲ್ಲಿ ನೊಬೆಲ್ ಬಂತು.

ಜ್ಯೂರಿಕ್‌ನ ಗಣಿತವನ್ನು ತುಸು ಮಾರ್ಪಡಿಸಿ, ಉಸಿರಾಡುವ ಮನುಷ್ಯನ ಮೇಲೆ ಬಳಸುವಂತೆ ಮಾಡಿದ್ದು ಸ್ಕಾಟ್‌ಲೆಂಡಿನ ಆಬರ್ಡೀನ್ ತಂಡ. ಜಾನ್ ಮಲ್ಲರ್ಡ್, ಜಿಮ್ ಹಚಿಸನ್, ಬಿಲ್ ಎಡೆಲ್‌ಸ್ಟೀನ್ ಮತ್ತಿತರರು ಸ್ವತಃ ಕಟ್ಟಿದ ಯಂತ್ರದ ಕ್ಷೇತ್ರಬಲ ಬರೀ 0.04 ಟೆಸ್ಲಾ. 1980ರ ಆಗಸ್ಟ್ 28ರಂದು ಅದರೊಳಗೆ ಮಲಗಿದ ರೋಗಿಯ ಎದೆಯಲ್ಲಿ ಗಡ್ಡೆ, ಯಕೃತ್ತಿನಲ್ಲಿ ದೋಷ, ಎಲುಬಿಗೆ ಹರಡಿದ ಕ್ಯಾನ್ಸರ್ ಕಂಡುಬಂದವು. ಚಿಕಿತ್ಸೆಗೆ ನಿಜವಾಗಿ ನೆರವಾದ ಮೊದಲ ಪೂರ್ಣದೇಹ ಚಿತ್ರಗಳಲ್ಲಿ ಇವು ಸೇರುತ್ತವೆ. ಡಮೇಡಿಯನ್ ಕೂಡ ಸುಮ್ಮನಿರಲಿಲ್ಲ. ವಿದ್ಯಾರ್ಥಿಗಳೊಂದಿಗೆ ತಾವೇ ತಂತಿ ಸುತ್ತಿ ಕಟ್ಟಿದ, ‘ಇಂಡಾಮಿಟಬಲ್’ ಎಂದು ಹೆಸರಿಟ್ಟ ಯಂತ್ರದಿಂದ 1977ರ ಜುಲೈ 3ರಂದು ಸುಮಾರು ಐದು ಗಂಟೆ ಹಿಡಿದು ಮನುಷ್ಯನ ಎದೆಯ ಒಂದು ಅಡ್ಡಕೊಯ್ತದ ಚಿತ್ರ ತೆಗೆದಿದ್ದರು.

ಇಲ್ಲಿಂದ ಮುಂದಿನ ಹೆಜ್ಜೆ ತಂತಿಯದು. ಕಾಂತಕ್ಷೇತ್ರ ಬಲವಾದಷ್ಟೂ ದನಿ ಜೋರು, ಚಿತ್ರ ಸ್ಪಷ್ಟ. ಆದರೆ ಮನುಷ್ಯ ಒಳಗೆ ಮಲಗುವಷ್ಟು ದೊಡ್ಡ ತಾಮ್ರದ ಸುರುಳಿಯಲ್ಲಿ ಹೆಚ್ಚು ವಿದ್ಯುತ್ ಹರಿಸಿದರೆ ಅದು ಕಾದು ಹೋಗುತ್ತದೆ. ಪರಿಹಾರದ ಬೀಜ ಬಿದ್ದಿದ್ದು 1911ರಲ್ಲಿ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಹೈಕ್ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ದ್ರವ ಹೀಲಿಯಂನಲ್ಲಿ ತಣಿಸಿದಾಗ, 4.2 ಕೆಲ್ವಿನ್ ಹತ್ತಿರ, ಅಂದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದರ ವಿದ್ಯುತ್ ತಡೆ ಪೂರ್ತಿ ಮಾಯವಾಯಿತು. ತಡೆಯೇ ಇಲ್ಲದ ಮೇಲೆ ಕಾಯುವ ಮಾತೂ ಇಲ್ಲ. ಇಂಥ ತಂತಿಯಿಂದ ಮಹಾಬಲದ ಕಾಂತ ಕಟ್ಟಬಹುದೆಂದು ಓನ್ಸ್ ಲೆಕ್ಕ ಹಾಕಿದರು. ಆಸೆ ಬೇಗ ಮುರಿಯಿತು. ಸೀಸ, ತವರ, ಪಾದರಸ ಎಲ್ಲವೂ ತುಸು ಕಾಂತಬಲ ಏರಿದೊಡನೆ ಈ ತಡೆಯಿಲ್ಲದ ಗುಣವನ್ನು, ಅಂದರೆ ಅತಿವಾಹಕತೆಯನ್ನು, ಕಳೆದುಕೊಂಡವು. ಐವತ್ತು ವರ್ಷ ಈ ವಿದ್ಯೆ ಹಾಗೇ ನಿಂತಿತು.

1961ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ ಕುಂಟ್ಸ್‌ಲರ್ ತಂಡ ನಯೋಬಿಯಂ ಮತ್ತು ತವರದ ಸಂಯುಕ್ತವೊಂದು 8.8 ಟೆಸ್ಲಾ ಕ್ಷೇತ್ರದಲ್ಲೂ ಅಪಾರ ವಿದ್ಯುತ್ತನ್ನು ತಡೆಯಿಲ್ಲದೆ ಹೊರುವುದನ್ನು ಕಂಡಿತು. ಅದು ಗಾಜಿನಂತೆ ಪೆಡಸು, ಬಗ್ಗಿಸಿದರೆ ಒಡೆಯುತ್ತದೆ. ಅದೇ ಸುಮಾರಿಗೆ ಮುಂದೆ ಬಂದ ನಯೋಬಿಯಂ–ಟೈಟಾನಿಯಂ ಮಿಶ್ರಲೋಹದ ತಾಳಿಕೆ ಅಷ್ಟಿಲ್ಲ, ಆದರೆ ಅದನ್ನು ತಾಮ್ರದ ಹಾಗೆ ಎಳೆದು ತಂತಿ ಮಾಡಬಹುದು, ಸುತ್ತಬಹುದು. ಅಂತಿಮವಾಗಿ ಗೆದ್ದದ್ದು ಈ ಬಾಗುವ ಗುಣ. ಕೂದಲಿಗಿಂತ ತೆಳುವಾದ ಎಳೆಗಳನ್ನು ತಾಮ್ರದೊಳಗೆ ಹುದುಗಿಸಿ ಹೊಸೆಯುವ ಕಲೆಯನ್ನು ಇಂಗ್ಲೆಂಡಿನ ರದರ್‌ಫರ್ಡ್ ಪ್ರಯೋಗಾಲಯದವರು ಹದಗೊಳಿಸಿದರು. ಒಂದು ಎಳೆ ಕ್ಷಣಕಾಲ ಕಾದರೂ ಸುತ್ತಲಿನ ತಾಮ್ರ ವಿದ್ಯುತ್ತನ್ನು ಹೊತ್ತು ಕಾಪಾಡುತ್ತದೆ. ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ 1983ರಲ್ಲಿ ಶುರುವಾದ ಟೆವಟ್ರಾನ್ ಕಣವೇಗವರ್ಧಕಕ್ಕೆ ಈ ತಂತಿ ಭಾರೀ ಪ್ರಮಾಣದಲ್ಲಿ ಬೇಕಾಯಿತು, ಅದನ್ನು ಮಾಡುವ ಕಾರ್ಖಾನೆಗಳು ಬಲಿತವು. ಮೂಲಕಣಗಳನ್ನು ಹುಡುಕಲು ಹೊರಟವರಿಗಾಗಿ ಬೆಳೆದ ಕೈಗಾರಿಕೆ ಆಸ್ಪತ್ರೆಗಳಿಗೂ ಒದಗಿತು.

1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಜಿಇ ಕಂಪನಿಯ ಸಂಶೋಧಕರು 1.5 ಟೆಸ್ಲಾ ಅತಿವಾಹಕ ಕಾಂತದಲ್ಲಿ ತಲೆಯ ಚಿತ್ರ ತೆಗೆದರು. ಅಷ್ಟು ಎತ್ತರದ ಲಯದ ರೇಡಿಯೊ ಅಲೆ ಮೈಯೊಳಗೆ ಸರಿಯಾಗಿ ಇಳಿಯಲಾರದು ಎಂಬ ಅನುಮಾನ ಅಲ್ಲಿಯವರೆಗೆ ಹಲವರಲ್ಲಿತ್ತು. ಚಿತ್ರ ಅದನ್ನು ಅಳಿಸಿತು. ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು ಇರುವ 1.5 ಟೆಸ್ಲಾ ಇಂದಿಗೂ ಆಸ್ಪತ್ರೆಗಳ ರೂಢಿಯ ಅಳತೆ. ಹೆಸರಿನಿಂದ ‘ನ್ಯೂಕ್ಲಿಯರ್’ ಪದ ಬಿಟ್ಟುಹೋಗಿ ಮ್ಯಾಗ್ನೆಟಿಕ್ ರೆಸೊನೆನ್ಸ್ ಇಮೇಜಿಂಗ್, ಅಂದರೆ ಎಂಆರ್‌ಐ, ಆದದ್ದೂ ಈ ಕಾಲದಲ್ಲೇ. ಅಣುಬಾಂಬಿನ ನೆನಪು ಮಾಸದಿದ್ದ ಜನ ಆ ಪದ ಕೇಳಿ ಹೆದರುತ್ತಿದ್ದರು. ಈ ಯಂತ್ರದಲ್ಲಿ ವಿಕಿರಣಶೀಲವಾದುದು ಏನೂ ಇಲ್ಲ.

ವೈದ್ಯಕೀಯ ಬಳಕೆ ಆಮೇಲೆ ವೇಗವಾಗಿ ಹರಡಿತು. ಗಡೋಲಿನಿಯಂ ಲೋಹವನ್ನು ಸುರಕ್ಷಿತವಾಗಿ ಕಟ್ಟಿಹಾಕಿದ ಚುಚ್ಚುಮದ್ದು 1988ರಲ್ಲಿ ಬಳಕೆಗೆ ಬಂದು, ಮಿದುಳಿನ ಗಡ್ಡೆಗಳು ಚಿತ್ರದಲ್ಲಿ ಬೆಳಗಿ ಕಾಣುವಂತಾಯಿತು. ಫ್ರಾನ್ಸಿನ ಡೆನಿ ಲ ಬಿಹಾನ್ ಅಂಗಾಂಶದೊಳಗೆ ನೀರಿನ ಅಣುಗಳು ಅಲೆದಾಡುವುದನ್ನೇ ಚಿತ್ರಕ್ಕಿಳಿಸಿದರು. ಪಾರ್ಶ್ವವಾಯು ಬಡಿದಾಗ ಮಿದುಳಿನ ಪೆಟ್ಟುಬಿದ್ದ ಭಾಗದಲ್ಲಿ ಈ ಅಲೆದಾಟ ಬಹುಬೇಗ ಕುಗ್ಗುವುದರಿಂದ, ಬೇರೆ ಸ್ಕ್ಯಾನಿಂಗ್‌ಗಳಲ್ಲಿ ಏನೂ ಕಾಣದ ಮೊದಲ ಗಂಟೆಗಳಲ್ಲೇ ವೈದ್ಯರಿಗೆ ಸುಳಿವು ಸಿಗುತ್ತದೆ. 1990ರಲ್ಲಿ ಸೇಜಿ ಒಗಾವಾ ಬೆಲ್ ಪ್ರಯೋಗಾಲಯದಲ್ಲಿ ಇನ್ನೂ ಸೋಜಿಗದ ಸಂಗತಿಯನ್ನು ತೋರಿಸಿದರು: ಆಮ್ಲಜನಕ ಕಳೆದುಕೊಂಡ ರಕ್ತದ ಕಾಂತಗುಣ ಬೇರೆಯಾಗಿರುವುದರಿಂದ ರಕ್ತವೇ ಚುಚ್ಚುಮದ್ದಿನ ಕೆಲಸ ಮಾಡಬಲ್ಲದು. ರಕ್ತದ ಆ ಗುಣವನ್ನು ಲೈನಸ್ ಪೌಲಿಂಗ್ 1936ರಲ್ಲೇ ಅಳೆದಿದ್ದರು. ಎರಡು ವರ್ಷದೊಳಗೆ, ಮನುಷ್ಯ ನೋಡುವಾಗ, ಬೆರಳಾಡಿಸುವಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಎಂಬುದು ಪರದೆಯ ಮೇಲೆ ಮೂಡಿತು.

2003ರಲ್ಲಿ ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ ವೈದ್ಯಕೀಯ ನೊಬೆಲ್ ಘೋಷಣೆಯಾಯಿತು. ನಿಯಮದಂತೆ ಮೂವರಿಗೆ ಜಾಗವಿದ್ದರೂ ಮೂರನೆಯ ಜಾಗ ಖಾಲಿ ಬಿತ್ತು. ಡಮೇಡಿಯನ್ ಅಮೆರಿಕದ ದೊಡ್ಡ ಪತ್ರಿಕೆಗಳಲ್ಲಿ ಪುಟಪೂರ್ತಿ ಜಾಹೀರಾತು ಕೊಟ್ಟು ಪ್ರತಿಭಟಿಸಿದರು. ಚಿತ್ರ ಕಟ್ಟುವ ವಿದ್ಯೆ ಲಾಟರ್ಬರ್ ಅವರದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಡಮೇಡಿಯನ್ ಬಗೆಯ ಆ ಇಲಿಗಳ ಅಳತೆಯನ್ನು ನೋಡಿದ್ದರಿಂದಲೇ ಅವರಿಗೆ ಪ್ರಶ್ನೆ ಹುಟ್ಟಿದ್ದು. ಖಾಲಿ ಬಿಟ್ಟ ಜಾಗದಲ್ಲಿ ಡಮೇಡಿಯನ್ ಅವರನ್ನು ಕೂರಿಸಿದ್ದರೆ ಅನ್ಯಾಯವೇನೂ ಆಗುತ್ತಿರಲಿಲ್ಲ.

ಅತಿವಾಹಕ ಕಾಂತದ ಬೆಲೆಯೆಂದರೆ ಹೀಲಿಯಂ. ರೂಢಿಯ ಒಂದು ಯಂತ್ರ ಸಾವಿರಕ್ಕೂ ಹೆಚ್ಚು ಲೀಟರ್ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ನೈಸರ್ಗಿಕ ಅನಿಲದ ಕೆಲವೇ ಬಾವಿಗಳಿಂದ ಸಿಗುವ ಈ ಅನಿಲ ಭಾರತಕ್ಕೆ ಹೊರಗಿನಿಂದಲೇ ಬರಬೇಕು. 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯುಲ್ಲರ್ ತಾಮ್ರದ ಆಕ್ಸೈಡುಗಳಲ್ಲಿ ಹೊಸ ಬಗೆಯ ಅತಿವಾಹಕತೆಯನ್ನು ಕಂಡಾಗ, ಅಗ್ಗದ ದ್ರವ ಸಾರಜನಕ ಸಾಕೆಂಬ ಭರವಸೆ ಹುಟ್ಟಿತು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ತಂಡವೂ 1987ರಲ್ಲೇ ಈ ವಸ್ತುಗಳ ಮೇಲೆ ಮುಖ್ಯ ಲೇಖನಗಳನ್ನು ಪ್ರಕಟಿಸಿತು. ಆದರೆ ಈ ವಸ್ತುಗಳು ಪಿಂಗಾಣಿಯ ಜಾತಿಯವು. ಮೈಲಿಗಟ್ಟಲೆ ತಂತಿ ಎಳೆಯುವುದು ಇಂದಿಗೂ ದುಬಾರಿ ಕೆಲಸವಾಗಿರುವುದರಿಂದ ಆಸ್ಪತ್ರೆಯಲ್ಲಿ ನಯೋಬಿಯಂ–ಟೈಟಾನಿಯಂ ಜಾಗ ಭದ್ರವಾಗಿದೆ. ಬದಲಿಗೆ ಸುರುಳಿಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ತಣಿಸುವ ಬಗೆ ಸುಧಾರಿಸಿತು. 2018ರಲ್ಲಿ ಫಿಲಿಪ್ಸ್ ಕಂಪನಿ ಬರೀ 7 ಲೀಟರ್ ಹೀಲಿಯಂ ಬಳಸುವ ಯಂತ್ರ ತಂದಿತು.

ಮನುಷ್ಯರ ಎಂಆರ್‌ಐಯಲ್ಲಿ ಕ್ಷೇತ್ರಬಲದ ಶಿಖರ ಈಗ ಪ್ಯಾರಿಸ್ ಹತ್ತಿರದ ಸಕ್ಲೇಯಲ್ಲಿದೆ. ಅಲ್ಲಿನ ಇಸೋಲ್ಟ್ ಕಾಂತದ ಬಲ 11.7 ಟೆಸ್ಲಾ, ತೂಕ 132 ಟನ್, ಉದ್ದ 5 ಮೀಟರ್, ಸುತ್ತಿದ ತಂತಿ 182 ಕಿಲೋಮೀಟರ್. ಅದೇ ಹಳೆಯ ನಯೋಬಿಯಂ–ಟೈಟಾನಿಯಂ ತಂತಿಯನ್ನು 1.8 ಕೆಲ್ವಿನ್‌ಗೆ ಇಳಿಸಿ, 1,500 ಆಂಪಿಯರ್ ವಿದ್ಯುತ್ ಹರಿಸುತ್ತಾರೆ. 2021ರಲ್ಲಿ ಕುಂಬಳಕಾಯಿಯೊಂದರ ಚಿತ್ರ ತೆಗೆದು ಪರೀಕ್ಷಿಸಿದರು. 2024ರ ಏಪ್ರಿಲ್‌ನಲ್ಲಿ ಮನುಷ್ಯರ ಮಿದುಳಿನ ಮೊದಲ ಚಿತ್ರಗಳು ಹೊರಬಂದವು. ಅಗಲದಲ್ಲಿ 0.2 ಮಿಲಿಮೀಟರ್, ದಪ್ಪದಲ್ಲಿ 1 ಮಿಲಿಮೀಟರ್ ವಿವರ, ಹಿಡಿದ ಸಮಯ 4 ನಿಮಿಷ.

ಅದೇ ವರ್ಷ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದವರು ತದ್ವಿರುದ್ಧ ದಿಕ್ಕಿನ ಯಂತ್ರವನ್ನು ಮುಂದಿಟ್ಟರು. ಅದರ ಬಲ 0.05 ಟೆಸ್ಲಾ, ಅಂದರೆ 1980ರ ಆಬರ್ಡೀನ್ ಯಂತ್ರದ ಆಸುಪಾಸು. ಹೀಲಿಯಂ ಬೇಡ, ನಿಯೋಡಿಮಿಯಂ ಶಾಶ್ವತ ಕಾಂತ ಸಾಕು. ಗೋಡೆಯ ಸಾಮಾನ್ಯ ಪ್ಲಗ್ಗಿನ ವಿದ್ಯುತ್ತಿನಲ್ಲಿ ನಡೆಯುತ್ತದೆ. ಕ್ಷೀಣ ದನಿಯಿಂದ ಗದ್ದಲವನ್ನು ಸೋಸುವ ಕೆಲಸ ಕಂಪ್ಯೂಟರಿನದು. ತಾಲ್ಲೂಕು ಆಸ್ಪತ್ರೆಯಲ್ಲಿ ಬಡರೋಗಿಗೆ ಎಂಆರ್‌ಐ ಸಿಗಬೇಕಾದರೆ ಸಕ್ಲೇಯ ದಾರಿಗಿಂತ ಈ ದಾರಿಯೇ ಹೆಚ್ಚು ಮುಖ್ಯ. ಭಾರತದಲ್ಲಿ ಆಮದು ಯಂತ್ರಗಳ ಹಂಗು ಕಡಿಮೆ ಮಾಡುವ ಯತ್ನವೂ ನಡೆದಿದೆ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿ ರೂಪಿಸಿದ 1.5 ಟೆಸ್ಲಾ ದೇಶೀ ಯಂತ್ರ 2023ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಅನಾವರಣಗೊಂಡಿತು. ಆಸ್ಪತ್ರೆಗಳಲ್ಲಿ ಇಂದು ತೆಗೆಯುವ ಎಂಆರ್‌ಐ ಚಿತ್ರಗಳಲ್ಲಿ ಹೆಚ್ಚಿನವು ಮೂಡುವುದು 1975ರಲ್ಲಿ ಅನಿಲ್ ಕುಮಾರ್, ವೆಲ್ಟಿ ಮತ್ತು ಅರ್ನ್ಸ್ಟ್ ಬರೆದ ಲೇಖನದ ಫೋರಿಯರ್ ವಿಧಾನದಿಂದ ಬೆಳೆದುಬಂದ ಗಣಿತದಿಂದಲೇ.